ಕುಶಿರೊ, ಬೆಳಗಿನ ಆರೂವರೆ

ಈ ಊರಲ್ಲಿ ಬೇಸಿಗೆಯೆಂದರೆ ಮಂಜು.
ತಿಂಗಳಿಡೀ ಬಂದರಿನ ಕೊಂಬು
ಕರು ಕಳಕೊಂಡ ಹಸುವಿನ ಹಾಗೆ ಕೂಗುತ್ತದೆ.
ಮೂರಕ್ಕೆ, ನಾಲ್ಕಕ್ಕೆ, ನಾನು ಎಚ್ಚರವಿರುತ್ತೇನೆ,
ಗ್ಯಾಸ್ ಆರಿಸಿದೆನೆ ಎಂದು ಐದನೇ ಸಲ ಎದ್ದು ನೋಡಲು.

ಹನ್ನೆರಡು ವರ್ಷ ಮೀನಿನ ಕಾರ್ಖಾನೆಯಲ್ಲಿ
ಸಾನ್ಮಾ ಮೀನುಗಳ ತಲೆ ಒಂದೇ ಕಡೆ ಬರುವಂತೆ
ಹಿಮದ ಪೆಟ್ಟಿಗೆಯಲ್ಲಿ ಜೋಡಿಸಿದವಳು.
ಒಂದು ದಿನ, ಏನೂ ಆಗಿರಲಿಲ್ಲ, ಯಾರೂ ಬೈದಿರಲಿಲ್ಲ,
ಕೈಗವಸು ಬಿಚ್ಚಿ ನೆಲದ ಮೇಲೆ ಕೂತೆ.
ಏಳಲಾಗಲಿಲ್ಲ.
ಎದೆಯೊಳಗೆ ಒಂದು ಮೀನು ಇನ್ನೂ ಜೀವಂತವಿತ್ತು.

ವೈದ್ಯೆ ಮಿನೊವಾ ಮಾತ್ರೆ ಬರೆದರು,
ಜತೆಗೊಂದು ಹಾಳೆ: ಬೆಳಕು, ನಡಿಗೆ, ನಿದ್ದೆ, ಬಿಸಿ ಊಟ.
ಎಷ್ಟು ಸಣ್ಣ ಪದಗಳು, ಒಂದನೇ ತರಗತಿಯ ಪಾಠದಂತೆ.
ಫ್ರಿಜ್ಜಿಗೆ ಅಂಟಿಸಿದೆ,
ಎರಡು ತಿಂಗಳು ಅದಕ್ಕೆ ಬೆನ್ನು ಹಾಕಿ ಮಲಗಿದೆ.
ತಲೆಗೆ ನೀರು ಬಿದ್ದು ಒಂಬತ್ತು ದಿನ.
ಲೆಕ್ಕ ಇಟ್ಟವಳೂ ನಾನೇ, ನಾಚಿದವಳೂ ನಾನೇ.

ಕೆಳಮನೆಯ ನುಕಾದ ಅವರಿಗೆ ಎಂಬತ್ತೊಂದು.
ಹಿಂದೆ ಹಡಗಿನಲ್ಲಿ ಅಡುಗೆಯವರು.
ಕಿವಿ ಮಂದ, ಹಾಗಾಗಿ ರೇಡಿಯೊ ಜೋರು.
ಆರೂವರೆಗೆ ಪಿಯಾನೊ ಶುರು,
ಪಾರ್ಕಿನಲ್ಲಿ ಹನ್ನೊಂದು ಮುದುಕರು ಕೈ ಎತ್ತುತ್ತಾರೆ.
ನನ್ನ ಕಿಟಕಿಗೆ ಕಾಣುವುದು ಕೈಗಳು ಮಾತ್ರ,
ಉಳಿದದ್ದೆಲ್ಲ ಮಂಜು.

ಒಂದು ಬೆಳಗ್ಗೆ ಬಾಗಿಲ ಸಂದಿನಿಂದ ಕಾರ್ಡೊಂದು ಬಂತು.
ರಜೆಯಲ್ಲಿ ಮಕ್ಕಳಿಗೆ ಕೊಡುವಂಥದು, ಹಳದಿ, ಕೊರಳಿಗೆ ದಾರ,
ಬಂದ ದಿನಕ್ಕೊಂದು ಮುದ್ರೆ.
ಹೆಸರಿನ ಜಾಗದಲ್ಲಿ ನಡುಗುವ ಅಕ್ಷರ: ಶಿಹೊ, ಎರಡನೇ ಮಹಡಿ.
ನಲವತ್ತನಾಲ್ಕು ದಾಟಿದ ನನಗೆ!
ಸಿಟ್ಟು ಬಂತು.
ಎಷ್ಟೋ ತಿಂಗಳ ಮೇಲೆ ಏನಾದರೊಂದು ಬಂದಿತ್ತು.

ಆ ಸಿಟ್ಟಿನಲ್ಲೇ, ಪೈಜಾಮದ ಮೇಲೆ ಕೋಟು ತೊಟ್ಟು,
ಹಿಂದಿರುಗಿಸಲೆಂದು ಮೆಟ್ಟಿಲಿಳಿದೆ.
ಪಿಯಾನೊ ನಡೆದಿತ್ತು, ಮಾತಾಡುವಂತಿರಲಿಲ್ಲ.
ಸುಮ್ಮನೆ ನಿಂತವಳ ಕೈಗಳು, ನನ್ನ ಕೇಳದೆ,
ಶಾಲೆಯಲ್ಲಿ ಕಲಿತದ್ದನ್ನು ನೆನೆದು ಮೇಲೆದ್ದವು.
ನುಕಾದ ಏನೂ ಹೇಳಲಿಲ್ಲ.
ಒಂದು ಏಡಿಯ ಮುದ್ರೆ ಒತ್ತಿದರು.

ಇಲ್ಲಿಂದ ಎಲ್ಲ ಸರಿಹೋಯಿತೆಂದು ಬರೆಯಲಾರೆ.
ಮರುದಿನ ಹೋಗಲಿಲ್ಲ. ಅದರ ಮರುದಿನವೂ.
ನಾಲ್ಕನೇ ದಿನ ಮುಖ ತೊಳೆದೆ, ಅಷ್ಟೆ.
ಐದನೇ ದಿನ, ಸಿಂಕಿನಲ್ಲಿದ್ದ ಹದಿನಾಲ್ಕರಲ್ಲಿ
ಒಂದು ಬಟ್ಟಲು ಬೆಳಗಿದೆ,
ಎರಡೂ ಕೈಯಲ್ಲಿ ಹಿಡಿದು ಬಿಸಿನೀರು ಕುಡಿದೆ.
ಒಮ್ಮೆ ಅಂಗಡಿಯ ಸಾಲು ಉದ್ದವಾಗಿ, ಉಸಿರು ಗಿಡ್ಡವಾಗಿ,
ಬುಟ್ಟಿ ಅಲ್ಲೇ ಬಿಟ್ಟು ಓಡಿಬಂದೆ.
ಆ ಮೂಲಂಗಿಯನ್ನು ಯಾರು ವಾಪಸಿಟ್ಟರೋ
ಎಂದು ರಾತ್ರಿಯೆಲ್ಲ ಕೊರಗಿದೆ.

ದಿಗಿಲು ಈಗಲೂ ಮೂರಕ್ಕೆ ಬರುತ್ತದೆ.
ಮೊದಲೆಲ್ಲ ಅದರೊಡನೆ ವಾದಕ್ಕಿಳಿಯುತ್ತಿದ್ದೆ.
ಈಗ ಉಣ್ಣೆಯ ಕಾಲುಚೀಲ ಹಾಕಿ ಕೊಂಬಿಗೆ ಕಿವಿಗೊಡುತ್ತೇನೆ:
ಅದು ಕೂಗುವಷ್ಟು ಹೊತ್ತು ಉಸಿರು ಒಳಗೆ,
ಮುಂದಿನ ಕೂಗಿನ ತನಕ, ಮೆಲ್ಲಗೆ, ಹೊರಗೆ.
ಗ್ಯಾಸ್ ಒಂದೇ ಸಲ ನೋಡುತ್ತೇನೆ.
ಎರಡು ಸಲ, ಕೆಲವು ದಿನ.

ತಿಂಗಳ ಕೊನೆಗೆ ಕಾರ್ಡಿನಲ್ಲಿ ಒಂಬತ್ತು ಏಡಿ,
ಇಪ್ಪತ್ತೆರಡು ಖಾಲಿ ಚೌಕ.
ತಲೆ ಬಾಗಿಸಿ ಕ್ಷಮೆ ಕೇಳಿದೆ.
ನುಕಾದ ಜೇಬಿನಿಂದ ಮಡಿಕೆ ಸವೆದ ಹಳೇ ಕಾರ್ಡು ತೆಗೆದರು,
ಹೆಂಡತಿ ಹೋದ ವರ್ಷದ್ದು.
ಅದರಲ್ಲಿ ಮೂರೇ ಮುದ್ರೆ.
"ಖಾಲಿ ಚೌಕದ ದಿನವೂ ಬದುಕಿದ್ದೆ ನೋಡು" ಎಂದರು,
ಕಿವುಡರು ಗುಟ್ಟು ಹೇಳುವ ಹಾಗೆ;
ಇಡೀ ಪಾರ್ಕಿಗೆ ಕೇಳಿಸಿತು.

ಇವತ್ತೂ ಮಂಜು ಸರಿದಿಲ್ಲ.
ಹನ್ನೆರಡು ಜನ ಕೈ ಎತ್ತಿದ್ದೇವೆ.
ಮೂರನೇ ಮಹಡಿಯಲ್ಲಿ ಯಾರದೋ ಪರದೆ
ಒಂದು ಗೇಣು ಸರಿದಿದೆ.
ಮನೆಗೆ ಹೋಗಿ ಅನ್ನಕ್ಕಿಡಬೇಕು.
ಉಗುರು ಬೆಳೆದಿವೆ, ಕತ್ತರಿಸಿಕೊಳ್ಳಬೇಕು.