ಆರು ಚಮಚ

ತ್ಬಿಲಿಸಿಯ ಒಣಸೇತುವೆಯ ಮೇಲೆ, ಶನಿವಾರ,
ನನ್ನ ಪಕ್ಕದ ಜಾಗ ತ್ಸಿಯಾಲಾಳದು.
ನಾನು ಹಳೆಯ ಕ್ಯಾಮೆರಾ ಮಾರುತ್ತೇನೆ,
ಅವಳು ಮನೆ ಮಾರುತ್ತಾಳೆ,
ಒಂದೊಂದೇ ಸಾಮಾನಾಗಿ.

ಇವತ್ತು ಅಜ್ಜಿಯ ಬೆಳ್ಳಿ ಚಮಚ, ಆರು.
ಹಾಸಿದ ಪತ್ರಿಕೆ ಗಾಳಿಗೆ ಹಾರದಂತೆ
ಅಂಚಿಗೆ ಎರಡು ಆಕ್ರೋಟು.
ಬಂದವರೆಲ್ಲ ಮೊದಲು ನೋಡುವುದು
ಹೊಲಿಗೆ ಬಿಟ್ಟ ಅವಳ ಬೂಟು,
ಆಮೇಲೆ ಚಮಚ.
ಒಬ್ಬ ಉಗುರಿನಿಂದ ಕೆರೆದ. ಒಬ್ಬಳು ಮೂಸಿದಳು.
ಇನ್ನೊಬ್ಬ ಕಚ್ಚಿಯೇ ನೋಡಿದ,
‘ಎಲ್ಲಿಂದ ಬಂತಮ್ಮ ನಿನಗೆ ಇದು?’
ಮೂವತ್ತು ವರ್ಷ ಪಿಯಾನೊ ಕಲಿಸಿದವಳು
ಉತ್ತರ ಕೊಡಲಿಲ್ಲ; ಬೆರಳು ಮಾತ್ರ
ಮಡಿಲಲ್ಲಿ ಏನೋ ನುಡಿಸುತ್ತಿದ್ದವು.

ಮಧ್ಯಾಹ್ನ ಜುರಾಬ್ ಬಂದ, ಅಂಗಡಿಯ ಸಾಹುಕಾರ,
ಹಿತ್ತಾಳೆಯ ಬೆಲೆಗೆ ಆರನ್ನೂ ಎತ್ತಿಕೊಂಡ.
ಹತ್ತು ಹೆಜ್ಜೆ ಆಚೆ, ಮಖಮಲ್ಲಿನ ಮೇಲೆ,
ಅವೇ ಚಮಚ ವಂಶಾವಳಿ ಹೇಳತೊಡಗಿದವು:
ಯಾವನೋ ರಾಜಕುಮಾರ, ಯಾವುದೋ ಮದುವೆ.
ಅವನ ಕೋಟಿನ ಗುಂಡಿಯೇ ಒರೆಗಲ್ಲು.
ಯಾರೂ ಕಚ್ಚಲಿಲ್ಲ.

ನಗಬೇಕೆಂದಿದ್ದೆ. ಆಗಲಿಲ್ಲ.
ಅವನು ಕೊಟ್ಟ ನೋಟುಗಳನ್ನು ತ್ಸಿಯಾಲಾ
ಎಣಿಸದೆ ಚೀಲಕ್ಕೆ ಹಾಕಿದ್ದಳು.
ಸಂಜೆ, ಹೂ ಮಾರುವ ಹುಡುಗಿ
ಚಿಲ್ಲರೆಯೆಂದು ಕೊಟ್ಟ ಐದರ ನೋಟನ್ನು
ಬಿಸಿಲಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದಳು.
ಹುಡುಗಿ ಕಾದಳು, ರೂಢಿಯಾದವಳ ಹಾಗೆ,
ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ.

ನಾನು ತಲೆ ತಗ್ಗಿಸಿ ಲೆನ್ಸು ಒರೆಸಿದೆ.
ಬೆಳಿಗ್ಗೆ ತ್ಸಿಯಾಲಾ
ಹಳೆಯ ಸಾಲ ಅಂತ ಕೊಟ್ಟ ನೋಟನ್ನು
ಅವಳ ಎದುರಿಗೇ
ನಾನೂ ಹಾಗೆ ಹಿಡಿದಿದ್ದೆ.