ಮೂರನೇ ಸಲದ ದನಿ

ಒಂದನೇ ಇನ್‌ಪುಟ್‌ಗೆ ತೊಟ್ಟಿಯ ತೇಲುಗುಂಡು,
ಎರಡಕ್ಕೆ ಆಮ್ಲಜನಕ, ಮೂರಕ್ಕೆ
ಶೀತಲ ಕೋಣೆಯ ಬಾಗಿಲು.
ನಾಲ್ಕು ಖಾಲಿ. ಇರಲಿ ಬಿಡು ಎಂದ ರೊಸಾಮೆಲ್,
ನಾವಿನ್ನೂ ಕಾಣದ ಕೇಡಿಗೂ ಒಂದು ಜಾಗ ಬೇಕಲ್ಲ.

ತೇಲುಗುಂಡಿನ ತಂತಿ ಕೂಡಿಕೊಂಡೇ ಇರಬೇಕು:
ಇಲಿ ಕಡಿದರೂ ಕೂಗಲಿ.
ಹನ್ನೆರಡು ಸೆಕೆಂಡು ತಡೆ ಇಟ್ಟೆ,
ನೀರುನಾಯಿ ಎಬ್ಬಿಸಿದ ಅಲೆಗೆಲ್ಲ
ಚಿಲೋಯೆ ಪೂರ್ತಿ ಎದ್ದು ಕೂರಬಾರದು.

ಆಮೇಲೆ ದನಿ.
ಮೊದಲ ಸಲ ಕಿರುಚಿದೆ. ಮೈಕು ಒಡೆದು
ನೀರು ಅಂದದ್ದು ಬರೀ ಗರಗರ.
ಗೇನ್ ಎರಡು ಮೆಟ್ಟಿಲು ಇಳಿಸಿದೆ. ಎರಡನೇ ಸಲ
ಪಾದ್ರಿಯ ಮುಂದೆ ನಿಂತವಳ ಹಾಗೆ
ದಯವಿಟ್ಟು, ತೊಂದರೆಗೆ ಕ್ಷಮಿಸಿ...
ರೊಸಾಮೆಲ್ ನಕ್ಕ: ಮೂರು ಲಕ್ಷ ಸಾಲ್ಮನ್ ಮರಿ
ನಿನ್ನ ಮರ್ಯಾದೆ ಮುಗಿಯೋತನಕ
ಉಸಿರು ಹಿಡಿದುಕೊಂಡಿರುತ್ತವಾ, ಎದೆಲ್ಮಿರಾ?

ಮೂರನೇ ಸಲ, ಹಾಲು ಉಕ್ಕುವಾಗ
ಪಕ್ಕದ ಕೋಣೆಗೆ ಹೇಳುವಂತೆ ಹೇಳಿದೆ:
"ಒಂದನೇ ತೊಟ್ಟಿ. ನೀರು ನಿಂತಿದೆ. ಎದ್ದೇಳೇ."
ಕೊನೆಯ ಮಾತು ಎಲ್ಲಿಂದ ಬಂತೋ. ಅಳಿಸಲಿಲ್ಲ.

ಜುಲೈ. ಚಳಿಗಾಲದ ಬಿರುಗಾಳಿ
ಸೋಸುಜಾಲದ ತುಂಬ ಎಲೆ ತುರುಕಿತ್ತು.
ದಿಂಬಿನ ಪಕ್ಕದ ವಾಕಿಟಾಕಿಯಲ್ಲಿ ಯಾವಳೋ
ಎದ್ದೇಳೇ ಅಂದಳು.
ಯಾರ ಮಾತೂ ಕೇಳದವಳು ನಾನು, ಊರಿಗೇ ಗೊತ್ತು.
ಎಡದ ಬೂಟು ಬಲಗಾಲಿಗೆ ಸಿಕ್ಕಿಸಿ
ಕೆಸರಲ್ಲಿ ಅರ್ಧ ದಾರಿ ಓಡಿದ ಮೇಲೆ
ಗುರುತು ಹತ್ತಿತು.

ಮೊಣಕೈವರೆಗೆ ನೀರಲ್ಲಿ ಎಲೆ ಬಾಚುತ್ತಿದ್ದೆ.
ಸೊಂಟದಲ್ಲಿ ಅವಳು ಮತ್ತೆ ಶುರು ಮಾಡಿದಳು,
ಅದೇ ಏರಿಳಿತ, ಅದೇ ಅವಸರ.
ಬಂದೆ ಕಣೇ, ಅಂದೆ. ಬಂದೆ.