ಹದಿನಾಲ್ಕನೆಯ ದಿನ

ಇಲಿಮರಿ ಕಣ್ಣು ಬಿಡುವುದು ಹದಿನಾಲ್ಕಕ್ಕೆ.
ಹದಿಮೂರಕ್ಕೇ ಬಿಡುವುದೂ ಉಂಟು, ಅವಸರದವು.
ಶಿಜುವೊಕಾದ ಗುಡ್ಡದ ಮಗ್ಗುಲಿನ ಈ ಕಟ್ಟಡಕ್ಕೆ ಕಿಟಕಿಯಿಲ್ಲ;
ಹೊರಗೆ ಮಳೆಯೋ ಬಿಸಿಲೋ
ಕಯಾನೊ ಸುಗಿಯುರಾಗೆ ಗೊತ್ತಾಗುವುದು
ಬಾಗಿಲಲ್ಲಿ ಬಿಟ್ಟ ಬೂಟುಗಳಿಂದ.

ಎಡಗೈಯಲ್ಲಿ ಮರಿ, ಹೆಬ್ಬೆರಳು ಕತ್ತಿನ ಹಿಂದೆ.
ಕಣ್ಣಿಗೊಂದು ಹನಿ. ಕಾಯಬೇಕು.
ಸೀಳುಬೆಳಕು ಓರೆಯಾಗಿ ಬಿದ್ದಾಗ
ಒಳ್ಳೆಯ ಕಣ್ಣು ಏನನ್ನೂ ತೋರಿಸುವುದಿಲ್ಲ,
ಬೆಳಕನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುತ್ತದೆ.
ಕೆಟ್ಟದ್ದರಲ್ಲೇ ನೋಡಲು ಏನಾದರೂ ಇರುವುದು:
ಗಂಜಿಯ ಕೆನೆ,
ಚಳಿಗಾಲದ ಬಸ್ಸಿನ ಗಾಜು,
ಒಮ್ಮೊಮ್ಮೆ ರೆಪ್ಪೆಯ ಹಿಂದೆ ಎಳ್ಳಿನಷ್ಟೇ ಕಣ್ಣು,
ಇಡಲೋ ಬೇಡವೋ ಎಂದು ಯಾರೋ ಅರ್ಧಕ್ಕೆ ಎದ್ದುಹೋದಂತೆ.

ಚೀಟಿಯಲ್ಲಿ ಹೆಣ್ಣು ಉರುಟು, ಗಂಡು ಚೌಕ.
ಪೊರೆ ಬಂದರೆ ಪೂರ್ತಿ ಕಪ್ಪು,
ಕಾಣಿಸದೆ ಹೊತ್ತು ತಿರುಗುವುದಕ್ಕೆ ಅರ್ಧ.
ಮೂವತ್ತೊಂದು ತಲೆಮಾರು.
ಇನ್ನೂರಾ ಆರನೆಯ ಚೌಕದ ಮುತ್ತಜ್ಜಿಯ ಮುತ್ತಜ್ಜಿ
ಯಾವ ಬುಧವಾರ ಹುಟ್ಟಿದಳೆಂದು ಬಾಯಲ್ಲೇ ಹೇಳಬಲ್ಲಳು.

ಕಣ್ಣರಿಯದಿದ್ದರೂ ಕರುಳರಿಯದೇ, ಎನ್ನುತ್ತದೆ ನನ್ನ ಭಾಷೆ.
ಇಲಿಗೆ ಮೂಗು ಸಾಕು.
ಕುರುಡು ಮರಿಗಳೇ ಮೊದಲು ಮೊಲೆ ಹಿಡಿದದ್ದನ್ನು
ಆಕೆ ಬರೆಯಲಿಲ್ಲ; ಅದಕ್ಕೆ ಕಾಲಮ್ಮಿಲ್ಲ.

ನವೆಂಬರಿನಲ್ಲಿ ಸತ್ತ ಇಲಿಗಳಿಗೆ ಪೂಜೆ.
ಹಿತ್ತಿಲ ಕಲ್ಲಿನ ಮುಂದೆ ಸೇವಂತಿಗೆ,
ಬಿಳಿ ಕೋಟುಗಳ ಸಾಲು, ನಿರ್ದೇಶಕರ ಕೆಮ್ಮು.
ಯಾರೋ ತಟ್ಟೆಯಲ್ಲಿ ಇಲಿಗಳ ತಿಂಡಿಯನ್ನೇ ಇಟ್ಟಿದ್ದರು,
ಗುಬ್ಬಿಯೊಂದು ಬಂದು ಕದ್ದುಕೊಂಡು ಹೋಯಿತು.
ಕಣ್ಣಿಗೆ ಧೂಪದ ಹೊಗೆ ಹೋಯಿತೆಂದುಕೊಂಡಳು.
ಮರುದಿನವೂ ಮಸುಕು ಹೋಗಲಿಲ್ಲ.
ವಾರ ಕಳೆದರೂ.

ಕಣ್ಣಾಸ್ಪತ್ರೆಯಲ್ಲಿ ಗಲ್ಲ ಪಟ್ಟಿಯ ಮೇಲೆ.
ಹನಿ. ಕಾಯಬೇಕು.
ಸೀಳುಬೆಳಕು ಓರೆಯಾಗಿ.
"ಇಷ್ಟು ಚಿಕ್ಕ ವಯಸ್ಸಿಗೇ... ತಂದೆಯ ಕಡೆ ಯಾರಿಗಾದರೂ?"

ಅಪ್ಪನೆಂದರೆ ಬರಿ ಒಂದು ಹೆಸರು, ತೊಕುಜಿ,
ಮನೆತನದ ನೋಂದಣಿಯಲ್ಲಿ ಅದರ ಮೇಲೊಂದು ಅಡ್ಡಗೀಟು.
ಯಾವುದೋ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊರುತ್ತಿದ್ದನಂತೆ.
ಕೂಸಾಗಿದ್ದಾಗ ಎತ್ತಿ
ಮುಖಕ್ಕೆ ತೀರ ಹತ್ತಿರ ತಂದು ನೋಡುತ್ತಿದ್ದನಂತೆ,
ಮೂಗು ತಾಗುವಷ್ಟು.
ಮುದ್ದು ಎಂದುಕೊಂಡಿದ್ದಳು ಅಮ್ಮ.

ನರ್ಸು ಕೊಟ್ಟ ಅರ್ಜಿಯ ಖಾಲಿ ಜಾಗದಲ್ಲಿ
ಕೈ ತಾನಾಗಿ ಒಂದು ಚೌಕ ಬರೆಯಿತು.
ಹನಿ ಬಿದ್ದ ಕಣ್ಣಿಗೆ
ಗೆರೆ ಕೂಡಿತೋ ಇಲ್ಲವೋ ಕಾಣದು.
ಕಾಗದವನ್ನು ಎತ್ತಿ ಹತ್ತಿರ ತಂದಳು,
ಇನ್ನೂ ಹತ್ತಿರ,
ಮೂಗು ತಾಗುವಷ್ಟು.